ಶ್ರಾವಣದಿಂದ ದೀಪಾವಳಿಯವರೆಗೆ: ಹಬ್ಬದೂಟ ಒಳಗೆ ಹೋದ ಮೇಲೆ ಏನಾಗುತ್ತದೆ?

ಎರಡು ವರ್ಷದ ಹಿಂದಿನ ಗೌರಿ ಹಬ್ಬ. ಅಮ್ಮ ಬೆಳಗಿನ ಜಾವ ನಾಲ್ಕೂವರೆಗೇ ಎದ್ದಿದ್ದರು. ಪೂಜೆ ಆಗುವವರೆಗೆ ಅವರು ಏನೂ ತಿನ್ನುವುದಿಲ್ಲ. ಆದರೆ ಎಂಟು ಗಂಟೆಗೆ ಶುಗರ್ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದರು. ಹನ್ನೆರಡೂವರೆ ಹೊತ್ತಿಗೆ ಹೋಳಿಗೆ ಬೇಯಿಸುತ್ತಾ ನಿಂತಿದ್ದವರ ಹಣೆ ತುಂಬ ಬೆವರು. ಒಲೆ ಮುಂದೆ ನಿಂತಿದ್ದಾರಲ್ಲ, ಸೆಖೆಗೆ ಇರಬೇಕು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಹೋಳಿಗೆ ಮಗುಚುತ್ತಿದ್ದ ಕೈ ನಡುಗತೊಡಗಿತು. ಏನಾಯ್ತಮ್ಮ ಅಂದರೆ ಸರಿಯಾಗಿ ಮಾತು ಹೊರಡಲಿಲ್ಲ. ಮೀಟರಿನಲ್ಲಿ ನೋಡಿದರೆ ಶುಗರ್ 54.

ಸಕ್ಕರೆ ನೀರು ಕುಡಿಸಿದೆವು. ಹದಿನೈದು ನಿಮಿಷಕ್ಕೆ ಚೇತರಿಸಿಕೊಂಡರು. ಎರಡೂವರೆಗೆ ಎಲ್ಲರ ಜೊತೆ ಕೂತು ಊಟ ಮಾಡಿದರು. ಬೆಳಗ್ಗೆಯಿಂದ ಹಸಿದಿದ್ದರು, ಚೆನ್ನಾಗಿಯೇ ಉಂಡರು. ಊಟವಾದ ಮೇಲೆ ಸುಸ್ತು ಅಂತ ಮಲಗಿದರು. ಸಂಜೆ ಐದಕ್ಕೆ ನೋಡಿದರೆ 286.

ಒಂದೇ ದಿನ, ಒಂದೇ ಮೈ, ನಾಲ್ಕೂವರೆ ಗಂಟೆಯೊಳಗೆ ತೀರಾ ಕಡಿಮೆ ಅನ್ನುವ 54, ತೀರಾ ಜಾಸ್ತಿ ಅನ್ನುವ 286. ಅವತ್ತಿನಿಂದ ನಾನು ಈ ವಿಷಯವನ್ನು ಬಿಡದೆ ಓದಿಕೊಂಡು ಬಂದಿದ್ದೇನೆ. ಹಬ್ಬದಲ್ಲಿ ಹೋಳಿಗೆ ತಿನ್ನಬೇಡಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಹೋಳಿಗೆ ತಿಂದ ಒಂದು ಹೊತ್ತಿನ ಊಟ ಯಾರನ್ನೂ ಹಾಳು ಮಾಡುವುದಿಲ್ಲ. ಅದಕ್ಕೆ ಮುಂಚಿನ ಖಾಲಿ ಹೊಟ್ಟೆ, ಆಮೇಲಿನ ನಿದ್ದೆ, ಮತ್ತು ಹಬ್ಬ ಮುಗಿದ ಮೇಲೂ ಹತ್ತು ದಿನ ಅಡುಗೆಮನೆಯಲ್ಲಿ ಕೂತಿರುವ ಡಬ್ಬಿ, ತೊಂದರೆ ಇರುವುದು ಇಲ್ಲಿ. ಹೇಗೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೂರು ತಿಂಗಳ ಲೆಕ್ಕ

ನಾಗರ ಪಂಚಮಿಗೆ ತಂಬಿಟ್ಟು, ಎಳ್ಳುಂಡೆ, ಶೇಂಗಾ ಉಂಡೆ. ವರಮಹಾಲಕ್ಷ್ಮಿಗೆ ಹೋಳಿಗೆ. ಕೃಷ್ಣಾಷ್ಟಮಿಗೆ ಚಕ್ಕುಲಿ, ಕೋಡುಬಳೆ, ಬಗೆಬಗೆಯ ಉಂಡೆ. ಗೌರಿ-ಗಣೇಶಕ್ಕೆ ಹೋಳಿಗೆ, ಕಡುಬು, ಮೋದಕ, ಪಂಚಕಜ್ಜಾಯ. ಪಕ್ಷಮಾಸದಲ್ಲಿ ವಡೆ, ಪಾಯಸ. ಆಮೇಲೆ ನವರಾತ್ರಿ, ಕೊನೆಗೆ ದೀಪಾವಳಿಯ ಕಜ್ಜಾಯ ಮತ್ತು ಊರೆಲ್ಲ ಕಳಿಸುವ ಸ್ವೀಟ್ ಬಾಕ್ಸು. ಶ್ರಾವಣ, ಭಾದ್ರಪದ, ಆಶ್ವಯುಜ, ಒಟ್ಟು ಮೂರು ತಿಂಗಳು.

ಈ ಮೂರು ತಿಂಗಳು ಅನ್ನುವುದನ್ನು ನೆನಪಿಡಿ. ಡಾಕ್ಟರು ಬರೆದುಕೊಡುವ ಎಚ್‌ಬಿಎ1ಸಿ ಪರೀಕ್ಷೆ ನೋಡುವುದೂ ಸುಮಾರು ಇಷ್ಟೇ ಕಾಲವನ್ನು. ನಮ್ಮ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದು ರಕ್ತದಲ್ಲಿ ತೇಲುತ್ತಿರುವಷ್ಟು ದಿನವೂ ಅದರೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಸ್ವಲ್ಪಸ್ವಲ್ಪವೇ ಅಂಟಿಕೊಳ್ಳುತ್ತಾ ಹೋಗುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಅಂಟುವುದೂ ಜಾಸ್ತಿ. ಒಮ್ಮೆ ಅಂಟಿದರೆ ಆ ಕಣ ಸಾಯುವವರೆಗೆ ಬಿಡುವುದಿಲ್ಲ. ಹಾಗಾಗಿ ಹಿಂದಿನ ದಿನ ಒಂದು ಹೊತ್ತು ಉಪವಾಸ ಇದ್ದು ಹೋದರೂ ಈ ಪರೀಕ್ಷೆ ಮೋಸಹೋಗುವುದಿಲ್ಲ. ಕಾರ್ತಿಕದ ಮೊದಲ ವಾರ ರಕ್ತ ಕೊಟ್ಟರೆ ಬರುವ ಅಂಕಿಯಲ್ಲಿ ಪಂಚಮಿ ಉಂಡೆಯಿಂದ ದೀಪಾವಳಿ ಕಜ್ಜಾಯದವರೆಗೆ ಎಲ್ಲವೂ ಸೇರಿರುತ್ತದೆ. ಅದರಲ್ಲೂ ಅರ್ಧದಷ್ಟು ಪಾಲು ಕೊನೆಯ ಒಂದು ತಿಂಗಳದ್ದು, ಅಂದರೆ ನವರಾತ್ರಿಯಿಂದ ಈಚೆಯದ್ದು. ಈ ಅಂಕಿ 5.7ಕ್ಕಿಂತ ಕಡಿಮೆ ಇದ್ದರೆ ಸರಿ. 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆ.

ಇದು ಕೆಲವರ ಮನೆಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅನ್ನುವ, 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಆ ಹೊಸ್ತಿಲಲ್ಲಿ ನಿಂತಿದ್ದಾರೆ. ಹಬ್ಬದ ಪಂಕ್ತಿಯಲ್ಲಿ ಹತ್ತು ಜನ ದೊಡ್ಡವರು ಕೂತಿದ್ದರೆ ಇಬ್ಬರೋ ಮೂವರೋ ಈ ಲೆಕ್ಕಕ್ಕೆ ಸೇರಿದವರೇ ಇರುತ್ತಾರೆ. ಅವರಲ್ಲಿ ಕೆಲವರಿಗೆ ಅದು ಗೊತ್ತೂ ಇರುವುದಿಲ್ಲ.

ತೂಕದ ಕಥೆಯೂ ಹೀಗೇ. ಅಮೆರಿಕದಲ್ಲಿ 195 ಜನರನ್ನು ವರ್ಷವಿಡೀ ತೂಗಿ ನೋಡಿದ ಒಂದು ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಅಲ್ಲಿನ ನವೆಂಬರ್-ಜನವರಿ ಹಬ್ಬದ ಕಾಲದಲ್ಲಿ ಜನರ ತೂಕ ಸರಾಸರಿ ಏರಿದ್ದು 370 ಗ್ರಾಂ ಮಾತ್ರ. ಇಷ್ಟೇನಾ ಅನಿಸುತ್ತದೆ ಅಲ್ವಾ? ಆದರೆ ಆಮೇಲಿನ ತಿಂಗಳುಗಳಲ್ಲಿ ಅದು ಇಳಿಯಲಿಲ್ಲ. ಇಡೀ ವರ್ಷ ಏರಿದ ತೂಕದ ಬಹುಪಾಲು ಆ ಕೆಲವೇ ವಾರಗಳಲ್ಲಿ ಏರಿದ್ದು. ಹಬ್ಬದ ತೂಕ ಕಡಿಮೆಯೇ ಇರಬಹುದು, ಆದರೆ ಬಂದದ್ದು ಉಳಿದುಬಿಡುತ್ತದೆ.

ಒಂದು ಚಮಚದ ಮೇಲೆ ಇನ್ನೂರು ಗ್ರಾಂ

ಈಗ ಊಟದ ಎಲೆಯ ಮುಂದೆ ಬರೋಣ.

ಆರೋಗ್ಯವಂತರೊಬ್ಬರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಅಷ್ಟು ರಕ್ತದಲ್ಲಿ ಯಾವುದೇ ಹೊತ್ತಿಗೆ ಕರಗಿರುವ ಸಕ್ಕರೆ ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚ. ದೇಹ ಹಗಲು ರಾತ್ರಿ ಈ ಒಂದು ಚಮಚವನ್ನು ಹೆಚ್ಚೂ ಆಗದಂತೆ, ಕಡಿಮೆಯೂ ಆಗದಂತೆ ಕಾಯುತ್ತದೆ.

ಹಬ್ಬದ ಎಲೆಯಲ್ಲಿ ಏನಿದೆ ನೋಡಿ. ಚಿತ್ರಾನ್ನ, ತೊವ್ವೆ ಅನ್ನ, ಸಾರನ್ನ, ಮೊಸರನ್ನ ಎಲ್ಲ ಸೇರಿ ಎರಡು ಕಪ್ ಅನ್ನ ಆರಾಮವಾಗಿ ಆಗುತ್ತದೆ. ಎರಡು ಹೋಳಿಗೆ, ಅರ್ಧ ಬಟ್ಟಲು ಪಾಯಸ. ಪಿಷ್ಟ ಮತ್ತು ಸಕ್ಕರೆ ಎರಡನ್ನೂ ಕೂಡಿಸಿದರೆ ಸುಮಾರು 200 ಗ್ರಾಂ. ಒಂದು ಚಮಚ ಕಾಯುತ್ತಿದ್ದ ಮೈಗೆ ಮುಂದಿನ ಕೆಲವು ಗಂಟೆಗಳಲ್ಲಿ ನಲವತ್ತು ಚಮಚ ಬಂದು ಬೀಳುತ್ತದೆ.

ಇದನ್ನು ಎತ್ತಿಡುವ ಕೆಲಸ ಇನ್ಸುಲಿನ್‌ದು. ಅದು ಸಕ್ಕರೆಯನ್ನು ರಕ್ತದಿಂದ ತೆಗೆದು ಮುಖ್ಯವಾಗಿ ಮಾಂಸಖಂಡಕ್ಕೆ ಮತ್ತು ಲಿವರಿಗೆ ಕಳಿಸುತ್ತದೆ. ಲಿವರಿನಲ್ಲಿ ಹಿಡಿಯುವುದು ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಎಲ್ಲ ಸೇರಿ ಸುಮಾರು 400 ಗ್ರಾಂ. ಇವನ್ನು ಎರಡು ಕಣಜ ಅಂದುಕೊಳ್ಳಿ. ಓಡಾಡಿ ಕೆಲಸ ಮಾಡುವವರ ಕಣಜ ದಿನಾ ಸ್ವಲ್ಪ ಖಾಲಿಯಾಗುತ್ತದೆ, ಹೊಸದಕ್ಕೆ ಜಾಗ ಸಿಗುತ್ತದೆ. ಕೂತೇ ಇರುವವರ ಕಣಜ ನಿನ್ನೆಯದೇ ತುಂಬಿರುತ್ತದೆ. ಆಗ ಬಂದ ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತದೆ. ಮಿಕ್ಕಿದ್ದು ಕೊಬ್ಬಾಗುತ್ತದೆ, ಅದರಲ್ಲೂ ಹೊಟ್ಟೆಯ ಸುತ್ತ.

ನಾನು ತೆಳ್ಳಗಿದ್ದೀನಿ, ನನಗೇನೂ ಆಗಲ್ಲ ಅನ್ನುವವರಿಗೆ ಒಂದು ಫೋಟೋದ ಕಥೆ ಹೇಳಬೇಕು. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಚಿತ್ರ ಬಂತು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಆದರೆ ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ನೋಡಲು ತೆಳ್ಳಗಿದ್ದರೂ ನಮ್ಮಲ್ಲಿ ಬಹಳ ಜನಕ್ಕೆ ಮಾಂಸಖಂಡ ಕಡಿಮೆ, ಒಳಗಿನ ಕೊಬ್ಬು ಜಾಸ್ತಿ. ಅಂದರೆ ಸಕ್ಕರೆ ತುಂಬಿಡುವ ಕಣಜವೇ ನಮ್ಮದು ಚಿಕ್ಕದು. ಪ್ಯಾಂಟಿನ ಸೈಜು ನೋಡಿಕೊಂಡು ಧೈರ್ಯವಾಗಿರುವ ಹಾಗಿಲ್ಲ.

ಎಲೆಯ ಮೇಲಿನ ಸಾಲು

ನಮ್ಮ ಬಾಳೆಲೆ ಊಟದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಎಲೆಯ ಮೇಲರ್ಧದಲ್ಲಿ ಮೊದಲೇ ಬಂದು ಕೂರುತ್ತವೆ. ಅನ್ನ ಬರುವುದು ಆಮೇಲೆ. ಆದರೆ ನಾವು ಮಾಡುವುದೇನು? ಒಂದು ಚಮಚದಷ್ಟು ಕೋಸಂಬರಿ ಬಡಿಸುತ್ತೇವೆ. ಅದನ್ನೂ ಅನ್ನದ ನಡುವೆ ನೆಂಚಿಕೊಳ್ಳಲು ಇಟ್ಟುಕೊಳ್ಳುತ್ತೇವೆ. ಹಸಿದಿರುತ್ತೇವಲ್ಲ, ಕೈ ಮೊದಲು ಹೋಗುವುದು ಚಿತ್ರಾನ್ನಕ್ಕೆ, ಇಲ್ಲಾ ಪಾಯಸಕ್ಕೆ.

ಏನು ತಿಂದೆವು ಅನ್ನುವಷ್ಟೇ ಯಾವುದನ್ನು ಮೊದಲು ತಿಂದೆವು ಅನ್ನುವುದೂ ಮುಖ್ಯ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ಮೆಡಿಕಲ್ ಕಾಲೇಜಿನವರು 2015ರಲ್ಲಿ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. ಸಕ್ಕರೆ ಕಾಯಿಲೆಯಿದ್ದ 11 ಜನಕ್ಕೆ ಒಂದೇ ಊಟವನ್ನು ಎರಡು ಬೇರೆ ದಿನ, ಬೇರೆ ಕ್ರಮದಲ್ಲಿ ಕೊಟ್ಟರು. ಒಂದು ದಿನ ಬ್ರೆಡ್ಡು ಮತ್ತು ಕಿತ್ತಳೆ ರಸ ಮೊದಲು, ತರಕಾರಿ ಮತ್ತು ಕೋಳಿಮಾಂಸ ಆಮೇಲೆ. ಇನ್ನೊಂದು ದಿನ ಉಲ್ಟಾ. ನಡುವೆ 15 ನಿಮಿಷದ ಬಿಡುವು. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದ ದಿನ, ಊಟವಾಗಿ ಒಂದು ಗಂಟೆಗೆ ನೋಡಿದಾಗ ರಕ್ತದ ಸಕ್ಕರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆ ಇತ್ತು. 11 ಜನ ಅಂದರೆ ಸಣ್ಣ ಪರೀಕ್ಷೆಯೇ. ಆದರೆ ಅದರ ಕಾರಣ ಸರಳವಾಗಿದೆ. ನಾರು ಮತ್ತು ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಹಿಂದೆ ಬಂದ ಅನ್ನ ಒಟ್ಟಿಗೆ ನುಗ್ಗದೆ ಸ್ವಲ್ಪಸ್ವಲ್ಪವೇ ಕರುಳಿಗೆ ಇಳಿಯುತ್ತದೆ. ಇನ್ಸುಲಿನ್‌ಗೆ ತಯಾರಾಗಲು ಪುರುಸೊತ್ತು ಸಿಗುತ್ತದೆ.

ಇದಕ್ಕೆ ಕೋಸಂಬರಿಗಿಂತ ಒಳ್ಳೆಯದು ಯಾವುದಿದೆ ಹೇಳಿ! ನೆನೆಸಿದ ಹೆಸರುಬೇಳೆಯಲ್ಲಿ ಪ್ರೋಟೀನ್ ಇದೆ, ಸೌತೆಕಾಯಿಯಲ್ಲಿ ನೀರು ಮತ್ತು ನಾರು, ಮೇಲೆ ಒಂದಿಷ್ಟು ನಿಂಬೆರಸ. ನಮ್ಮ ಮನೆಯಲ್ಲಿ ಮಾಡಿಕೊಂಡ ಬದಲಾವಣೆ ಇಷ್ಟೇ: ಕೋಸಂಬರಿಯನ್ನು ಚಮಚದಲ್ಲಿ ಬಡಿಸುವುದನ್ನು ಬಿಟ್ಟು ಸೌಟಿನಲ್ಲಿ ಬಡಿಸುತ್ತೇವೆ. ಹೆಸರುಬೇಳೆಯದು ಒಂದು, ಕಡ್ಲೆಬೇಳೆಯದು ಒಂದು. ಹುರುಳಿಕಾಯಿ ಪಲ್ಯ ಧಾರಾಳವಾಗಿ. ಇವು ಮೂರೂ ಎಲೆಗೆ ಬಿದ್ದ ಮೇಲೆ ಹತ್ತು ನಿಮಿಷ ಅನ್ನ ತರುವುದಿಲ್ಲ. ಮಾತಾಡುತ್ತಾ ಅವನ್ನು ಮುಗಿಸುತ್ತೇವೆ. ಆಮೇಲೆ ಬಂದ ಅನ್ನ ತಾನಾಗಿಯೇ ಅರ್ಧಕ್ಕೆ ಇಳಿದಿದೆ. ಸಾಕು ಅಂತ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ಒಂದು ಹೋಳಿಗೆಯನ್ನು ಬಿಡಿಸಿ ನೋಡಿದರೆ

ಒಂದು ಸಲ ನಾನು, ನಮ್ಮಕ್ಕ ಇಬ್ಬರೂ ಕೂತು ಅಳೆದೆವು. ಅರ್ಧ ಕೆಜಿ ಕಡ್ಲೆಬೇಳೆ, ಅರ್ಧ ಕೆಜಿ ಬೆಲ್ಲ. ಅಂಗೈ ಅಗಲದ ಹೋಳಿಗೆ ಇಪ್ಪತ್ತೈದು ಆಯಿತು. ಅಂದರೆ ಒಂದೊಂದರಲ್ಲಿ 20 ಗ್ರಾಂ ಬೇಳೆ, 20 ಗ್ರಾಂ ಬೆಲ್ಲ. ಕಣಕಕ್ಕೆ ಹಿಟ್ಟು 15ರಿಂದ 20 ಗ್ರಾಂ. ತಟ್ಟುವಾಗ, ಬೇಯಿಸುವಾಗ ಒಂದು ಚಮಚ ಎಣ್ಣೆ. ಬೇಳೆಯಿಂದ 70, ಬೆಲ್ಲದಿಂದ 75, ಹಿಟ್ಟಿನಿಂದ 60, ಎಣ್ಣೆಯಿಂದ 45. ಒಟ್ಟು ಸುಮಾರು 250 ಕ್ಯಾಲೊರಿ. ಮೇಲೆ ಒಂದು ಚಮಚ ತುಪ್ಪ ಹಾಕಿದರೆ ಇನ್ನೂ 45. ಎರಡು ತಿಂದರೆ 600ರ ಹತ್ತಿರ. ಅದು ಹೆಚ್ಚುಕಡಿಮೆ ಒಂದು ಹೊತ್ತಿನ ಪೂರ್ತಿ ಊಟ. ನಾವು ಅದನ್ನು ಪೂರ್ತಿ ಊಟದ ಜೊತೆಗೆ ತಿನ್ನುತ್ತೇವೆ.

ಬೆಲ್ಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಲ್ಲ ತಾನೇ, ಸಕ್ಕರೆ ಅಲ್ವಲ್ಲ ಅನ್ನುವುದನ್ನು ಎಲ್ಲರ ಬಾಯಲ್ಲೂ ಕೇಳುತ್ತೇನೆ. ಎರಡೂ ಒಂದೇ ಕಬ್ಬಿನ ರಸದಿಂದ ಬಂದವು. ಬೆಲ್ಲದಲ್ಲೂ ಬಹುಪಾಲು ಇರುವುದು ಸುಕ್ರೋಸ್, ಅಂದರೆ ಸಕ್ಕರೆಯೇ. ಕಬ್ಬಿಣ, ಖನಿಜಾಂಶಗಳು ಸ್ವಲ್ಪ ಉಳಿದಿರುತ್ತವೆ, ನಿಜ. ಆದರೆ ಅವುಗಳ ಲಾಭ ಸಿಗಬೇಕಾದರೆ ತಿನ್ನಬೇಕಾದ ಬೆಲ್ಲದ ಪ್ರಮಾಣವೇ ತೊಂದರೆ ಮಾಡುತ್ತದೆ. ರಕ್ತಕ್ಕೆ ಇಳಿದ ಮೇಲೆ ಬೆಲ್ಲ ಯಾವುದು, ಸಕ್ಕರೆ ಯಾವುದು ಅಂತ ಮೈಗೆ ಗೊತ್ತಾಗುವುದಿಲ್ಲ. ಜೇನುತುಪ್ಪಕ್ಕೂ ಇದೇ ಮಾತು, ಖರ್ಜೂರದ ಉಂಡೆಗೂ ಇದೇ ಮಾತು. ರುಚಿಗೆ ಬೆಲ್ಲ ಹಾಕಿ, ಅದರ ರುಚಿಯೇ ಬೇರೆ. ಔಷಧಿ ಅಂದುಕೊಂಡು ಹಾಕಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ನಾವು ಸೇರಿಸಿಕೊಳ್ಳುವ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ. 10ರ ಒಳಗೆ ಇರಬೇಕು, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ತಿನ್ನುವವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ. ಒಂದು ಹೋಳಿಗೆ ತಿಂದರೆ 25ರ ಹತ್ತಿರ ಬಂದಹಾಗೆ. ಕಾಫಿಯ ಸಕ್ಕರೆ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಹಾಗಂತ ಹೋಳಿಗೆ ಕೆಟ್ಟದ್ದಲ್ಲ. ಕಡ್ಲೆಬೇಳೆ ಬಹಳ ನಿಧಾನವಾಗಿ ಜೀರ್ಣವಾಗುವ ಬೇಳೆ. ಜಾಮೂನು, ಜಿಲೇಬಿಗೆ ಹೋಲಿಸಿದರೆ ಬೇಳೆ ಹೋಳಿಗೆ ಎಷ್ಟೋ ವಾಸಿ. ಸ್ವಲ್ಪ ಕೈ ಹಿಡಿದರೆ ಇನ್ನೂ ವಾಸಿಯಾಗುತ್ತದೆ. ಅರ್ಧ ಕೆಜಿ ಬೇಳೆಗೆ ಮುನ್ನೂರೈವತ್ತು ಗ್ರಾಂ ಬೆಲ್ಲ ಹಾಕಿ ನೋಡಿದೆವು. ಏಲಕ್ಕಿ ಸ್ವಲ್ಪ ಮುಂದಾಗಿ ಹಾಕಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಹೋಳಿಗೆಯನ್ನು ಊಟದ ಭಾಗ ಅಂತ ಲೆಕ್ಕ ಹಿಡಿಯುವುದು ಇನ್ನೂ ಮುಖ್ಯ. ಹೋಳಿಗೆ ಇದ್ದ ದಿನ ಪಾಯಸ ಬೇಡ, ಚಿತ್ರಾನ್ನ ಎರಡನೇ ಸಲ ಬೇಡ. ಬಡಿಸುವವರು ಒತ್ತಾಯ ಮಾಡುತ್ತಾರೆ, ಅದು ಅವರ ಪ್ರೀತಿ. "ಬೇಡ" ಅಂದರೆ ಎರಡು ಹಾಕುತ್ತಾರೆ. "ಅರ್ಧ ಹಾಕಿ" ಅಂದರೆ ಅರ್ಧವೇ ಹಾಕುತ್ತಾರೆ. ನನ್ನ ಅನುಭವದಲ್ಲಿ ಇದು ಪ್ರತಿ ಸಲವೂ ಕೆಲಸ ಮಾಡಿದೆ.

"ಶುಗರ್ ಫ್ರೀ" ಅಂತ ಬರೆದ ಸ್ವೀಟನ್ನು ನಂಬಿ ಕೂರಬೇಡಿ. ಸಕ್ಕರೆ ಇಲ್ಲದಿರಬಹುದು, ಮೈದಾ ಇರುತ್ತದೆ, ತುಪ್ಪ ಇರುತ್ತದೆ, ಖೋವಾದಲ್ಲಿ ಹಾಲಿನದೇ ಸಕ್ಕರೆ ಇರುತ್ತದೆ. ಶುಗರ್ ಫ್ರೀ ಅಲ್ವಾ ಅಂತ ಒಂದರ ಜಾಗದಲ್ಲಿ ನಾಲ್ಕು ತಿನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಾಣಲೆಯ ಒಳಗುಟ್ಟು

ಚಕ್ಕುಲಿ ಕಾದ ಎಣ್ಣೆಗೆ ಬಿದ್ದ ತಕ್ಷಣ ಸುತ್ತ ಗುಳ್ಳೆ ಏಳುತ್ತದಲ್ಲ, ಅದು ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುವುದು. ಆವಿ ಹೀಗೆ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಬಾಣಲೆಯಿಂದ ಹೊರಗೆ ತೆಗೆದ ಮೇಲೆ ಚಕ್ಕುಲಿ ತಣ್ಣಗಾಗುತ್ತದೆ. ಒಳಗಿನ ಆವಿ ಮತ್ತೆ ನೀರಾಗಿ ಕುಗ್ಗುತ್ತದೆ. ಆಗ ಮೇಲೆ ಅಂಟಿಕೊಂಡಿದ್ದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕರಿದ ತಿಂಡಿ ಎಣ್ಣೆ ಕುಡಿಯುವುದು ಹೆಚ್ಚಾಗಿ ಬಾಣಲೆಯ ಹೊರಗೆ, ಮೊದಲ ಕೆಲವು ನಿಮಿಷಗಳಲ್ಲಿ. ಹಾಗಾಗಿ ಜಾಲರಿಯಲ್ಲಿ ಎತ್ತಿ, ಬಾಣಲೆಯ ಮೇಲೇ ಹಿಡಿದು ಚೆನ್ನಾಗಿ ಜಾಡಿಸಿ, ಬಿಸಿ ಇರುವಾಗಲೇ ಪೇಪರಿನ ಮೇಲೆ ಹರಡಿದರೆ ಎಣ್ಣೆ ಎಷ್ಟೋ ಕಡಿಮೆಯಾಗುತ್ತದೆ. ಒಂದರ ಮೇಲೊಂದು ರಾಶಿ ಹಾಕಿದರೆ ಮೇಲಿನದರ ಎಣ್ಣೆ ಕೆಳಗಿನದು ಕುಡಿಯುತ್ತದೆ.

ಕರಿದು ಉಳಿದ ಎಣ್ಣೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮತ್ತೆ ಮತ್ತೆ ಕಾಯಿಸಿದಷ್ಟೂ ಎಣ್ಣೆ ಒಡೆದು ಬೇಡದ ವಸ್ತುಗಳಾಗುತ್ತದೆ. ಈ ಒಡೆದ ವಸ್ತುಗಳ ಪ್ರಮಾಣ ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ಮನೆಯಲ್ಲಿ ಅಳೆಯುವ ಉಪಕರಣ ಇರುವುದಿಲ್ಲ, ಕಣ್ಣು ಮೂಗು ಸಾಕು. ಎಣ್ಣೆ ಕಪ್ಪಾಗಿದ್ದರೆ, ಮಂದವಾಗಿದ್ದರೆ, ಕಾಯುವ ಮುಂಚೆಯೇ ಹೊಗೆ ಬಂದರೆ, ನೊರೆ ಬಂದರೆ ಅದರ ಕಥೆ ಮುಗಿಯಿತು. ಒಂದು ಸಲ ಕರಿದದ್ದನ್ನು ಸೋಸಿ ಎರಡು ಮೂರು ದಿನದಲ್ಲಿ ಒಗ್ಗರಣೆಗೆ ಮುಗಿಸಿಬಿಡಿ. ಗಣೇಶನ ಹಬ್ಬದ ಎಣ್ಣೆಯನ್ನು ದಸರಾವರೆಗೆ ಇಟ್ಟುಕೊಳ್ಳುವುದು ಬೇಡ. ದುಬಾರಿ ಎಣ್ಣೆ ಚೆಲ್ಲಲು ಹೊಟ್ಟೆ ಉರಿಯುತ್ತದೆ, ಗೊತ್ತು. ಅದಕ್ಕೇ ದೊಡ್ಡ ಬಾಣಲೆ ಬಿಟ್ಟು ಚಿಕ್ಕದರಲ್ಲಿ, ಕಡಿಮೆ ಎಣ್ಣೆಯಲ್ಲಿ, ನಾಲ್ಕು ನಾಲ್ಕೇ ಕರಿಯುವುದು ಒಳ್ಳೆಯದು.

ನಮ್ಮ ಹಬ್ಬದ ಅಡುಗೆಯೆಲ್ಲ ಕರಿದದ್ದೇ ಅಲ್ಲ ಅನ್ನುವುದೂ ನೆನಪಿರಲಿ. ಕರಾವಳಿಯಲ್ಲಿ ಅರಿಶಿನ ಎಲೆಯಲ್ಲಿ ಮಡಿಚಿ ಕಡುಬು ಬೇಯಿಸುತ್ತಾರೆ, ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಮಾಡುತ್ತಾರೆ. ಎರಡೂ ಹಬೆಯಲ್ಲೇ. ನವರಾತ್ರಿಗೆ ಬೊಂಬೆ ಮುಂದೆ ದಿನಕ್ಕೊಂದು ಕಾಳಿನ ಉಸಲಿ. ಉತ್ತರ ಕರ್ನಾಟಕದ ಕಡೆ ಪಂಚಮಿಗೆ ಜೋಳದ ಅರಳಿನ ಅಳ್ಳಿಟ್ಟು. ದೀಪಾವಳಿ ದಾಟಿ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ ಸಜ್ಜೆ ರೊಟ್ಟಿ, ಪುಂಡಿಪಲ್ಯೆ, ಎಣ್ಣೆಗಾಯಿ ಬದನೆಕಾಯಿ. ಇವನ್ನೆಲ್ಲ ಯಾರೂ ಡಯಟ್ ಅಂತ ಮಾಡಿದ್ದಲ್ಲ. ಹಬ್ಬ ಅಂತಲೇ ಮಾಡಿದ್ದು. ಗಣೇಶನಿಗೂ ಕರಿಗಡುಬಿನ ಬದಲು ಹಬೆ ಕಡುಬು ಮಾಡಿದರೆ ನೈವೇದ್ಯಕ್ಕೆ ಏನೂ ಕೊರತೆಯಿಲ್ಲ.

ಅಂಗಡಿಯ ಸ್ವೀಟು ತರುವುದಾದರೆ ತಟ್ಟೆಯ ಮುಂದಿನ ಚೀಟಿ ನೋಡಿ. ಬಿಡಿಯಾಗಿ ಮಾರುವ ಸ್ವೀಟಿಗೂ ಎಷ್ಟು ದಿನದೊಳಗೆ ತಿನ್ನಬೇಕು ಅನ್ನುವ ದಿನಾಂಕ ಹಾಕಬೇಕೆಂದು 2020ರ ಅಕ್ಟೋಬರ್ 1ರಿಂದ ನಿಯಮ ಬಂದಿದೆ. ಖೋವಾ ತಂದು ಮನೆಯಲ್ಲೇ ಮಾಡುವವರು ಅದರ ಸ್ವಲ್ಪ ಭಾಗವನ್ನು ನೀರಲ್ಲಿ ಕುದಿಸಿ, ಆರಿಸಿ, ಎರಡು ಹನಿ ಅಯೋಡಿನ್ ಟಿಂಕ್ಚರ್ ಹಾಕಿ ನೋಡಿ. ನೀಲಿ ಬಣ್ಣಕ್ಕೆ ತಿರುಗಿದರೆ ಪಿಷ್ಟ ಬೆರೆಸಿದ್ದಾರೆ ಅಂತ ಅರ್ಥ.

ಮಾತ್ರೆ ನುಂಗಿ ಉಪವಾಸ ಇರುವವರಿಗೆ

ಅಮ್ಮನ 54ಕ್ಕೆ ವಾಪಸ್ ಬರುತ್ತೇನೆ. ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಶುಗರ್ ಮಾತ್ರೆಗಳೆಲ್ಲ ಒಂದೇ ಥರ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತಿನ್ನುವವರಿಗೆ ಊಟ ತಡವಾದರೂ ಶುಗರ್ ತೀರಾ ಕೆಳಗೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆಗಳು ಹಾಗಲ್ಲ. ಹೊಟ್ಟೆಗೆ ಏನೂ ಬೀಳದಿದ್ದರೂ ಅವು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಪೂಜೆ ಹನ್ನೊಂದಕ್ಕೆ ಅಂದವರು ಒಂದು ಮಾಡುತ್ತಾರೆ, ಪುರೋಹಿತರು ಬರುವುದು ತಡವಾಗುತ್ತದೆ, ಅಷ್ಟರಲ್ಲಿ ರಕ್ತದ ಆ ಒಂದು ಚಮಚ ಸಕ್ಕರೆಯೂ ಬರಿದಾಗುತ್ತಾ ಬರುತ್ತದೆ.

70ಕ್ಕಿಂತ ಕೆಳಗೆ ಹೋದರೆ ಲೋ ಶುಗರ್. ಬೆವರು, ನಡುಕ, ಎದೆ ಡವಗುಟ್ಟುವುದು, ಇದ್ದಕ್ಕಿದ್ದಂತೆ ಸಿಡುಕುವುದು, ಮಾತು ತೊದಲುವುದು ಇವು ಲಕ್ಷಣಗಳು. ತಕ್ಷಣ ಮೂರು ಚಿಕ್ಕ ಚಮಚ ಸಕ್ಕರೆ, ಅಂದರೆ 15 ಗ್ರಾಂ, ನೀರಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ. ನಾವು ಅವತ್ತು ಪಕ್ಕದಲ್ಲೇ ಇದ್ದ ಹೋಳಿಗೆಯನ್ನು ತಿನ್ನಿಸಲು ಹೊರಟಿದ್ದೆವು. ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಬೇಳೆ, ತುಪ್ಪ ಎರಡೂ ಸಕ್ಕರೆಯನ್ನು ನಿಧಾನ ಮಾಡುತ್ತವೆ. ಆ ಹೊತ್ತಿಗೆ ಬೇಕಾಗಿರುವುದು ಓಡಿಬರುವ ಸಕ್ಕರೆ. ಚಾಕೊಲೇಟ್ ಕೂಡ ಇದೇ ಕಾರಣಕ್ಕೆ ಆಗುವುದಿಲ್ಲ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ.

ಇದನ್ನೆಲ್ಲ ತಪ್ಪಿಸುವ ದಾರಿ ಹಬ್ಬಕ್ಕೆ ವಾರ ಮುಂಚೆ ಡಾಕ್ಟರ ಹತ್ತಿರ ಒಂದು ಮಾತು ಕೇಳುವುದು: ಇಂಥ ದಿನ ಊಟ ಎರಡೂವರೆಗೆ ಆಗುತ್ತದೆ, ಬೆಳಗಿನ ಮಾತ್ರೆ ಏನು ಮಾಡಲಿ? ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ನೀವೇ ಎರಡು ನುಂಗಬೇಡಿ. ಮಾತ್ರೆ ನುಂಗಿದ ಮೇಲೆ ಏನಾದರೂ ತಿನ್ನಲೇಬೇಕು. ಕಾಯಿಲೆಯವರಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಉಪವಾಸದಲ್ಲಿ ರಿಯಾಯಿತಿ ಉಂಟು ಅಂತ ನಮ್ಮ ಹಿರಿಯರೂ ಹೇಳುತ್ತಾ ಬಂದಿದ್ದಾರೆ. ಅಮ್ಮನನ್ನು ಒಪ್ಪಿಸಲು ನನಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಇದೇ ಮಾತು.

ಬಿಪಿ ಇರುವವರಿಗೆ ಸಿಹಿಗಿಂತ ಉಪ್ಪು ತೊಂದರೆ. ದಿನಕ್ಕೆ 5 ಗ್ರಾಂ ಉಪ್ಪಿನ ಒಳಗಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಪ್ಪಳ, ಉಪ್ಪಿನಕಾಯಿ, ಗೊಜ್ಜು ಮೂರೂ ಒಂದೇ ಎಲೆಯಲ್ಲಿ ಕೂತರೆ ಅದು ಬೇಗ ಮುಗಿದುಹೋಗುತ್ತದೆ.

ಊಟವಾದ ಮೇಲಿನ ಹದಿನೈದು ನಿಮಿಷ

ಹಬ್ಬದೂಟ ಮಾಡಿ ಎಲೆಯಡಿಕೆ ಹಾಕಿಕೊಂಡು ಒಂದು ಸುತ್ತು ಮಲಗುವುದು ಎಷ್ಟು ಸುಖ ಅಂತ ನನಗೂ ಗೊತ್ತು. ಆದರೆ ರಕ್ತದಲ್ಲಿ ಸಕ್ಕರೆ ಏರುತ್ತಿರುವುದು ಅದೇ ಹೊತ್ತಿಗೆ. ಮಾಂಸಖಂಡಕ್ಕೆ ಒಂದು ವಿಶೇಷ ಗುಣ ಇದೆ. ಅದು ಕೆಲಸ ಮಾಡುತ್ತಿರುವಾಗ ಇನ್ಸುಲಿನ್ ಬಂದು ಬಾಗಿಲು ತೆಗೆಯುವವರೆಗೆ ಕಾಯುವುದಿಲ್ಲ. ತಾನೇ ಬಾಗಿಲು ತೆಗೆದು ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರ ಮೈಯಲ್ಲೂ ಈ ದಾರಿ ತೆರೆದೇ ಇರುತ್ತದೆ. ಅರವತ್ತು ದಾಟಿದ ಹತ್ತು ಜನರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಮೂರು ಹೊತ್ತೂ ಊಟವಾದ ಮೇಲೆ 15 ನಿಮಿಷ ನಡೆಯುವುದು ಬೆಳಗ್ಗೆ ಒಂದೇ ಸಲ 45 ನಿಮಿಷ ನಡೆದಷ್ಟೇ ಉಪಯೋಗ ಕೊಟ್ಟಿತು. ರಾತ್ರಿ ಊಟದ ನಂತರದ ಸಕ್ಕರೆ ಇಳಿಸುವುದರಲ್ಲಿ ಇನ್ನೂ ಚೆನ್ನಾಗಿತ್ತು. ಜೋರಾಗಿ ನಡೆಯಬೇಕೆಂದೂ ಇಲ್ಲ. ಪಾತ್ರೆ ಎತ್ತಿಡುವುದು, ಎಲೆ ಎತ್ತುವುದು, ಅಂಗಳದಲ್ಲಿ ಸುತ್ತು ಹಾಕುವುದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಊಟ ಮಾಡಿದ ತಕ್ಷಣ ಮಲಗಿದರೆ ಹುಳಿ ತೇಗು, ಎದೆಯುರಿ ಬರುವುದೂ ಜಾಸ್ತಿ. ಎರಡು ಗಂಟೆಯಾದರೂ ಬಿಟ್ಟು ಮಲಗಿ.

ಇನ್ನು ಡಬ್ಬಿ. ಹಬ್ಬದ ಮರುದಿನದಿಂದ ಕಾಫಿ ಜೊತೆ ಎರಡು ಚಕ್ಕುಲಿ, ಟಿವಿ ಮುಂದೆ ನಾಲ್ಕು, ಸುಮ್ನೆ ಓಡಾಡುವಾಗ ಒಂದು ಉಂಡೆ. ಒಂದು ಹೊತ್ತಿನ ಹಬ್ಬದೂಟಕ್ಕಿಂತ ಈ ಹತ್ತು ದಿನದ್ದೇ ಮೊತ್ತ ಜಾಸ್ತಿ. ನಾವು ಈಗ ಮಾಡುವ ಅಳತೆಯನ್ನೇ ಅರ್ಧ ಮಾಡಿದ್ದೇವೆ. ಮಾಡಿದ್ದರಲ್ಲೂ ಅರ್ಧ ಅವತ್ತೇ ಅಕ್ಕಪಕ್ಕದ ಮನೆಗೆ, ಮನೆಕೆಲಸಕ್ಕೆ ಬರುವವರಿಗೆ, ವಾಚ್‌ಮನ್ ಮನೆಗೆ ಹೋಗುತ್ತದೆ. ಮಿಕ್ಕಿದ್ದು ಮೇಜಿನ ಮೇಲಲ್ಲ, ಅಟ್ಟದ ಮೇಲೆ. ಕಣ್ಣಿಗೆ ಬೀಳದಿದ್ದರೆ ಕೈ ಹೋಗುವುದಿಲ್ಲ. ಮಿಕ್ಕ ಚಿತ್ರಾನ್ನ, ಪಾಯಸಗಳನ್ನು ಸಂಜೆವರೆಗೆ ಹೊರಗೆ ಬಿಡದೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಕಳೆದ ವರ್ಷದ ಗೌರಿ ಹಬ್ಬಕ್ಕೆ ಅಮ್ಮ ಬೆಳಗ್ಗೆ ಏಳೂವರೆಗೆ ಒಂದು ಬಟ್ಟಲು ಮೊಸರವಲಕ್ಕಿ ತಿಂದರು. ಮಾತ್ರೆಯನ್ನು ಡಾಕ್ಟರು ಹೇಳಿದ ಹಾಗೆ ಬದಲಾಯಿಸಿಕೊಂಡಿದ್ದರು. ಹನ್ನೆರಡು ಗಂಟೆಗೆ ನೋಡಿದಾಗ 108. ಮಧ್ಯಾಹ್ನ ಎರಡು ಸೌಟು ಕೋಸಂಬರಿ, ಪಲ್ಯ, ಆಮೇಲೆ ಒಂದು ಹೋಳಿಗೆ ತುಪ್ಪ ಹಾಕಿಸಿಕೊಂಡು, ಸ್ವಲ್ಪ ಸಾರನ್ನ, ಮಜ್ಜಿಗೆ. ಊಟವಾಗಿ ಅರ್ಧ ಗಂಟೆಗೆ ಬಾಗಿನದ ಮೊರ ಹಿಡಿದು ಹೊರಟರು. ನಾನು ಗಾಡಿ ತೆಗೆಯುತ್ತಿದ್ದೆ, ಬೇಡ ಅಂದರು. ಮೂರು ಮನೆಗೂ ನಡೆದುಕೊಂಡೇ ಹೋಗಿ ಬಂದರು. ಐದು ಗಂಟೆಗೆ ಮೀಟರಿನಲ್ಲಿ 164. "ಹಂಗಾದ್ರೆ ನಾಳೆ ಇನ್ನೊಂದು ಹೋಳಿಗೆ ತಿನ್ಬಹುದು ಅಲ್ವಾ?" ಅಂದರು. ತಿನ್ನಮ್ಮ ಅಂದೆ.